ಕೇಕಿನ ಮೇಲೆ ಗಾಢ ಬಣ್ಣ



ಮನೆಯಲ್ಲಿ ಕೇಕ್ ಮಾಡುವ ಯಾರನ್ನೇ ಕೇಳಿ, ದೂರು ಒಂದೇ. ಐಸಿಂಗಿಗೆ ಕೆಂಪು ಹಾಕಿದರೆ ಗುಲಾಬಿ ಬರುತ್ತದೆ. ಕಪ್ಪು ಹಾಕಿದರೆ ಬೂದಿ ಬಣ್ಣ ಬರುತ್ತದೆ. ನೀಲಿ ಹಾಕಿದರೆ, ಎಲ್ಲಿಂದಲೋ ಹಸಿರು ಬಂದು ಸೇರಿಕೊಳ್ಳುತ್ತದೆ. ಮಗುವಿನ ಹುಟ್ಟುಹಬ್ಬ ನಾಳೆ. ಮಗು ಕೇಳಿದ್ದು ಕೆಂಪು ಕಾರಿನ ಕೇಕ್. ತಾಯಿ ಇನ್ನೆರಡು ಹನಿ ಹಾಕುತ್ತಾಳೆ, ಮತ್ತೆರಡು ಹಾಕುತ್ತಾಳೆ. ಶೀಷೆ ಮುಗಿಯುವ ಹೊತ್ತಿಗೆ ಐಸಿಂಗ್ ತೆಳ್ಳಗಾಗಿ ಜಾರುತ್ತಿರುತ್ತದೆ, ನಾಲಿಗೆಗಿಟ್ಟರೆ ಕಹಿ, ಬಣ್ಣ ಮಾತ್ರ ಇನ್ನೂ ಗುಲಾಬಿಯೇ.

ಕೇಕ್ ಕಲಿಯಲು ಬರುವ ಹೆಣ್ಣುಮಕ್ಕಳು ನನ್ನನ್ನು ಮೊದಲು ಕೇಳುವುದು, ಯಾವ ಕಂಪನಿಯ ಬಣ್ಣ ಕೊಳ್ಳಬೇಕು ಮೇಡಂ ಎಂದು. ಅದು ಎರಡನೆಯ ಪ್ರಶ್ನೆ ಎಂದೇ ನಾನು ಹೇಳುತ್ತೇನೆ. ಹಾಕಿದ ಬಣ್ಣ ಐಸಿಂಗಿನೊಳಗೆ ಎಲ್ಲಿ ಹೋಗಿ ಕೂರುತ್ತದೆ ಎಂಬುದು ಮೊದಲ ಪ್ರಶ್ನೆ. ಅದು ಗೊತ್ತಾದರೆ ಈಗ ಸುರಿಯುತ್ತಿರುವ ಬಣ್ಣಕ್ಕಿಂತ ಎಷ್ಟೋ ಕಡಿಮೆ ಬಣ್ಣದಲ್ಲಿ ಕಡುಗೆಂಪು ತರಬಹುದು. ಈ ಹೊತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಮಾಡುವ ಬಟರ್‌ಕ್ರೀಮನ್ನೇ ತೆಗೆದುಕೊಳ್ಳೋಣ. ಕಾಲು ಕಿಲೋ ಉಪ್ಪಿಲ್ಲದ ಬೆಣ್ಣೆ, ಅರ್ಧ ಕಿಲೋ ಐಸಿಂಗ್ ಶುಗರ್, ಎರಡು ದೊಡ್ಡ ಚಮಚ ಹಾಲು. ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ 80ರಷ್ಟು ಕೊಬ್ಬು, ಸುಮಾರು 16ರಷ್ಟು ನೀರು ಇರುತ್ತದೆ. ಎಂದರೆ ಕಾಲು ಕಿಲೋ ಬೆಣ್ಣೆಯಲ್ಲಿ 40 ಗ್ರಾಂ ನೀರು. ಹಾಲಿನದ್ದೂ ಸೇರಿಸಿದರೆ ಮುಕ್ಕಾಲು ಕಿಲೋ ಮೀರಿದ ಆ ಐಸಿಂಗಿನಲ್ಲಿ ನೀರು 70 ಗ್ರಾಂ ಮುಟ್ಟುವುದಿಲ್ಲ. ಹತ್ತರಲ್ಲಿ ಒಂದು ಪಾಲೂ ಇಲ್ಲ. ನಾವು ಕೊಳ್ಳುವ ಸಾಮಾನ್ಯ ಬಣ್ಣಗಳೋ, ದ್ರವವಿರಲಿ ಜೆಲ್ ಇರಲಿ, ನೀರಿನಲ್ಲಿ ಕರಗುವಂಥವು. ಕೊಬ್ಬು ಅವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಕ್ಕರೆಯನ್ನು ಕರಗಿಸುವುದರಲ್ಲೇ ತೊಡಗಿರುವ ಆ ಅಷ್ಟಿಷ್ಟು ನೀರಿನಲ್ಲಿ, ಬೆಣ್ಣೆಯ ನಡುವೆ ಸಣ್ಣ ಸಣ್ಣ ಹನಿಗಳಾಗಿ ಚದುರಿರುವ ನೀರಿನಲ್ಲಿ, ಬಣ್ಣ ತನ್ನ ಜಾಗ ಹುಡುಕಿಕೊಳ್ಳಬೇಕು. ಹುಡುಕಿಕೊಳ್ಳುತ್ತದೆ, ಆದರೆ ನಿಧಾನವಾಗಿ.

ಇನ್ನೊಂದು ಅಡ್ಡಿ ಗಾಳಿ. ಬೀಟರ್ ಹಿಡಿದು ನಾವು ಬೆಣ್ಣೆಯನ್ನು ಬೆಳ್ಳಗಾಗುವವರೆಗೆ ತಿರುಗಿಸುತ್ತೇವೆ. ಬೆಣ್ಣೆ ಬೆಳ್ಳಗಾಗುವುದು ಗಾಳಿಯ ಗುಳ್ಳೆಗಳಿಂದ. ಫಿಲ್ಟರ್ ಕಾಫಿಯನ್ನು ಎತ್ತರದಿಂದ ಸುರಿದಾಗ ಕೆಳಗಿನ ಕಾಫಿ ಕಂದಾಗಿದ್ದರೂ ಮೇಲಿನ ನೊರೆ ಪೇಲವವಾಗಿ ಕಾಣುವುದಿಲ್ಲವೇ, ಹಾಗೆ. ಗುಳ್ಳೆಗಳೂ ಸಕ್ಕರೆಯ ಹರಳುಗಳೂ ಬಿದ್ದ ಬೆಳಕನ್ನೆಲ್ಲ ಚದುರಿಸಿ ಹಿಂದಕ್ಕೆ ಕಳಿಸುತ್ತವೆ. ಒಳಗಿನ ಬಣ್ಣದ ಬಳಿಗೆ ಬೆಳಕು ಹೋಗುವುದೇ ಕಡಿಮೆ. ಐಸಿಂಗ್ ಶುಗರಿಗೆ ಗಂಟು ಕಟ್ಟದಿರಲೆಂದು ಸೇರಿಸುವ ಕಾರ್ನ್‌ಫ್ಲೋರ್ ಕೂಡ ಬಿಳಿಯ ಪಕ್ಷವೇ. ಇಷ್ಟೆಲ್ಲ ಬಿಳಿಯ ನಡುವೆ ನಾಲ್ಕು ಹನಿ ಕೆಂಪು ಬಿದ್ದರೆ ಅದು ಗುಲಾಬಿಯಾಗದೆ ಇನ್ನೇನಾದೀತು?

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ನೀರಿನಂತಿರುವ ಅಗ್ಗದ ದ್ರವ ಬಣ್ಣವನ್ನು ಗಾಢ ಬಣ್ಣಕ್ಕೆ ಬಳಸಬೇಡಿ. ಅದರಲ್ಲಿ ಬಣ್ಣ ಕಡಿಮೆ, ನೀರು ಹೆಚ್ಚು. ಕೇಸರಿಬಾತಿಗೆ ಅದು ಸಾಕು, ಐಸಿಂಗಿಗೆ ಸಾಲದು. ಜೆಲ್ ಬಣ್ಣವನ್ನು ಗ್ಲಿಸರಿನ್ ಅಥವಾ ಸಕ್ಕರೆ ಪಾಕದಂಥ ಮಂದದ್ರವದಲ್ಲಿ ಗಟ್ಟಿಯಾಗಿ ಕಲಸಿರುತ್ತಾರೆ. ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದುಕೊಂಡರೂ ಬಣ್ಣ ಕಾಣುತ್ತದೆ.

ಎರಡನೆಯದು, ನನ್ನ ಮಟ್ಟಿಗೆ ಇದು ಇಡೀ ಕೆಲಸದ ಜೀವಾಳ. ಐಸಿಂಗಿಗೆ ಬಣ್ಣವನ್ನು ಹಿಂದಿನ ದಿನವೇ ಹಾಕಿಡಿ. ನಿಮಗೆ ಬೇಕಾದ ಕೆಂಪಿಗಿಂತ ಎರಡು ಮೆಟ್ಟಿಲು ತಿಳಿಯಾಗಿರುವಾಗಲೇ ನಿಲ್ಲಿಸಿ. ಬಟ್ಟಲಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಐಸಿಂಗಿಗೆ ತಾಗುವಂತೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೆರೆದು ನೋಡಿದಾಗ ಕೆಂಪು ತಾನಾಗಿ ಗಾಢವಾಗಿರುತ್ತದೆ. ಕರಗದೆ ಉಳಿದ ಬಣ್ಣದ ಕಣಗಳು ಆ ಹೊತ್ತಿನಲ್ಲಿ ಕರಗಿ ಹರಡಿರುತ್ತವೆ, ಗಾಳಿಯೂ ಸ್ವಲ್ಪ ಇಳಿದಿರುತ್ತದೆ. ಕೆಂಪು, ಕಪ್ಪು, ಕಡುನೀಲಿಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿರುತ್ತದೆ. ಪಾರ್ಟಿಯ ದಿನ ಬೆಳಿಗ್ಗೆ ಎದ್ದು ಬಣ್ಣ ಕಲಸುವವರೇ ಶೀಷೆ ಖಾಲಿ ಮಾಡುವವರು. ಕಾಯುವುದಕ್ಕೆ ಖರ್ಚಿಲ್ಲ.

ಕಾಯಲು ಸಮಯವೇ ಇಲ್ಲ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಐಸಿಂಗಿನ ಕಾಲು ಭಾಗವನ್ನು ಬೇರೆ ಬಟ್ಟಲಿಗೆ ತೆಗೆದುಕೊಂಡು ಮೈಕ್ರೋವೇವಿನಲ್ಲೋ, ಬಿಸಿನೀರಿನ ಪಾತ್ರೆಯ ಮೇಲೋ ಮೆಲ್ಲಗೆ ಕರಗಿಸಿ. ಕುದಿಯುವುದು ಬೇಡ, ಬೆಣ್ಣೆ ಸಡಿಲವಾಗಿ ಹರಿದರೆ ಸಾಕು. ಜೆಲ್ ಬಣ್ಣವನ್ನೆಲ್ಲ ಈ ಕಾಲು ಭಾಗಕ್ಕೇ ಹಾಕಿ ಕಲಸಿ. ಕಣ್ಣೆದುರಿಗೇ ಗುಲಾಬಿ ಹೋಗಿ ಕೆಂಪು ಬರುತ್ತದೆ. ಗಾಳಿಯ ಗುಳ್ಳೆಗಳು ಒಡೆದವು, ಬಣ್ಣ ಬೆಚ್ಚಗಿನ ನೀರಿನಲ್ಲಿ ಬೇಗ ಕರಗಿತು. ಇದು ಪೂರ್ತಿ ಆರಿ ಬೆಣ್ಣೆಯ ಹದಕ್ಕೆ ಬಂದ ಮೇಲೆ ಉಳಿದ ಮುಕ್ಕಾಲು ಭಾಗಕ್ಕೆ ಸೇರಿಸಿ. ಆರುವ ಮೊದಲೇ ಸೇರಿಸಿದರೆ ಇಡೀ ಐಸಿಂಗ್ ಜರ್ರೆಂದು ಇಳಿದುಹೋಗುತ್ತದೆ, ಎಚ್ಚರ. ಹ್ಯಾಂಡ್ ಬ್ಲೆಂಡರ್ ಇರುವವರು ಐಸಿಂಗನ್ನು ಎತ್ತರದ ಪಾತ್ರೆಗೆ ಹಾಕಿ, ಬ್ಲೆಂಡರಿನ ತಲೆಯನ್ನು ಪೂರ್ತಿ ಮುಳುಗಿಸಿ ಒಂದು ನಿಮಿಷ ತಿರುಗಿಸಿದರೂ ಇದೇ ಫಲ. ತಲೆ ಮೇಲೆ ಬಂದರೆ ಗಾಳಿ ಒಳಗೆ ಹೋಗುತ್ತದೆ, ಮತ್ತೆ ಬಿಳಿ. ಕೊನೆಗೆ ಸ್ಪ್ಯಾಚುಲಾದಿಂದ ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಸವರಿ ಗುಳ್ಳೆ ಇಳಿಸಿ. ನಾಜಲ್‌ನಿಂದ ಬರುವ ಗೆರೆಯೂ ನಯವಾಗುತ್ತದೆ.

ಇನ್ನು ತಳದ ಮಾತು. ಸೀರೆಗೆ ಬಣ್ಣ ಹಾಕಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಮೇಲಿನ ಬಣ್ಣ ಏನಾಗುತ್ತದೆ ಎಂಬುದು ಕೆಳಗಿನ ಬಣ್ಣದ ಮೇಲಿದೆ. ಬೆಣ್ಣೆಯಲ್ಲಿ ಕ್ಯಾರೋಟಿನ್‌ನಿಂದ ಬಂದ ಹಳದಿ ಇರುತ್ತದೆ. ಅದಕ್ಕೆ ನೀಲಿ ಬಿದ್ದರೆ ಹಸಿರುಮಿಶ್ರಿತ ನೀಲಿ. ಹಳದಿಯ ಎದುರಾಳಿ ನೇರಳೆ. ನೀಲಿ ಹಾಕುವ ಮೊದಲು ಹಲ್ಲುಕಡ್ಡಿಯ ತುದಿಯಲ್ಲಿ ನೇರಳೆಯನ್ನು ಮುಟ್ಟಿಸಿದರೆ ಬೆಣ್ಣೆಯ ಹಳದಿ ಅಡಗಿ ಬಿಳಿಯಾಗಿ ಕಾಣುತ್ತದೆ. ಆಮೇಲೆ ಹಾಕಿದ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಕಡುನೀಲಿಗೆ ಬರೀ ನೀಲಿ ಸುರಿಯಬೇಡಿ. ಚೂರು ಕಪ್ಪು, ಚೂರು ನೇರಳೆ ಸೇರಿದರೆ ಅದು ಬೇಗ ಕಡುವಾಗುತ್ತದೆ. ಕುಂಕುಮಗೆಂಪಿಗೆ ಕೆಂಪಿನ ಜೊತೆ ಸಾಸಿವೆಯಷ್ಟು ಕಂದು ಸೇರಿಸಿ.

ಕಪ್ಪಂತೂ ಬಿಳಿಯಿಂದ ಹೊರಟರೆ ಎಂದೂ ತಲುಪದ ಊರು. ಕೋಕೋದಿಂದ ಹೊರಡಬೇಕು. ಕಾಲು ಕಿಲೋ ಬೆಣ್ಣೆಗೆ ಐಸಿಂಗ್ ಶುಗರನ್ನು 400 ಗ್ರಾಮಿಗೆ ಇಳಿಸಿ, 75 ಗ್ರಾಂ ಕೋಕೋ ಪುಡಿಯನ್ನು ಜರಡಿ ಹಿಡಿದು ಸೇರಿಸಿ. ಈಗಲೇ ಅರ್ಧ ದಾರಿ ಬಂದಾಯಿತು. ಕ್ಷಾರ ಹಾಕಿ ಹದಗೊಳಿಸಿದ ಕೋಕೋ ಇನ್ನೂ ಕಪ್ಪು. ಹತ್ತೊಂಬತ್ತನೆಯ ಶತಮಾನದಲ್ಲಿ ನೆದರ್ಲೆಂಡ್ಸಿನ ವಾನ್ ಹೌಟೆನ್ ರೂಢಿಗೆ ತಂದ ಪದ್ಧತಿಯಾದ್ದರಿಂದ ಅದಕ್ಕೆ ಡಚ್ ಕೋಕೋ ಎಂಬ ಹೆಸರು. ಆಮೇಲೆ ಸ್ವಲ್ಪ ಕಪ್ಪು ಜೆಲ್, ಒಂದು ರಾತ್ರಿಯ ವಿರಾಮ. ತಿಂದವರ ಹಲ್ಲು, ನಾಲಿಗೆ ಕಪ್ಪಾಗುವುದೂ ಕಡಿಮೆ, ರುಚಿಯೂ ಚಾಕೊಲೇಟಿನದು. ಕೋಕೋ ನಮಗೆ ಹೊರಗಿನದೂ ಅಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಬೆಳೆಯುತ್ತದೆ, ಕ್ಯಾಂಪ್ಕೋದವರ ಪುತ್ತೂರಿನ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಕಡುಗೆಂಪಿಗೂ ನಾನು ಒಂದು ಚಮಚ ಕೋಕೋ ಹಾಕುತ್ತೇನೆ. ಕೆಂಪು ಆಳವಾಗುತ್ತದೆ, ಕೆಂಪು ಬಣ್ಣದ ಕಹಿಯೂ ಮುಚ್ಚಿಹೋಗುತ್ತದೆ.

ವಿಪ್ಪಿಂಗ್ ಕ್ರೀಮ್ ಬಳಸುವವರಿಗೆ ಒಂದು ಮಾತು. ಅದು ಬಹುಪಾಲು ಗಾಳಿಯಿಂದಲೇ ನಿಂತದ್ದು, ಅದರಲ್ಲಿ ಕಡುಬಣ್ಣದ ಆಸೆ ಬಿಡುವುದೇ ಒಳ್ಳೆಯದು. ಬೇಕೇ ಬೇಕೆಂದರೆ ಬಣ್ಣವನ್ನು ಕ್ರೀಮ್ ದ್ರವವಾಗಿರುವಾಗಲೇ ಹಾಕಿ ಆಮೇಲೆ ಬೀಟ್ ಮಾಡಿ. ಗಟ್ಟಿಯಾದ ಮೇಲೆ ಬಣ್ಣ ಹಾಕಿ ತಿರುಗಿಸುತ್ತ ಹೋದರೆ ಕ್ರೀಮ್ ಒಡೆಯುತ್ತದೆ. ಮೊಟ್ಟೆಯ ಬಿಳಿಯಲ್ಲಿ ಮಾಡುವ ರಾಯಲ್ ಐಸಿಂಗಿನ ಕಥೆ ಇದಕ್ಕೆ ತಿರುಗುಮುರುಗು: ಅದರಲ್ಲಿ ಕೊಬ್ಬೇ ಇಲ್ಲ, ಬಣ್ಣ ಥಟ್ಟನೆ ಹಿಡಿಯುತ್ತದೆ, ಒಣಗುತ್ತ ಇನ್ನೂ ಗಾಢವಾಗುತ್ತದೆ. ಬೆಂಗಳೂರಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ನಡೆಯುವ ಕೇಕ್ ಪ್ರದರ್ಶನದಲ್ಲಿ ಸಕ್ಕರೆಯ ಅರಮನೆ, ಇಗರ್ಜಿಗಳನ್ನು ನೋಡಿ ಬೆರಗಾದವರಿಗೆ ಈ ಗಟ್ಟಿ ಐಸಿಂಗಿನ ಪರಿಚಯವಿರುತ್ತದೆ. ಚಾಕೊಲೇಟನ್ನೇ ಕರಗಿಸಿ ಬಣ್ಣ ಕೊಡುವುದಾದರೆ ಮಾತ್ರ ನೀರಿನ ಜೆಲ್ ಹತ್ತಿರವೂ ಬರಬಾರದು. ಒಂದು ಹನಿ ನೀರಿಗೆ ಕರಗಿದ ಚಾಕೊಲೇಟ್ ಗಂಟುಗಂಟಾಗುತ್ತದೆ. ಅದಕ್ಕೆ ಎಣ್ಣೆಯಲ್ಲಿ ಬೆರೆಯುವ ಬಣ್ಣಗಳೇ ಬೇರೆ ಸಿಗುತ್ತವೆ, ಬಟರ್‌ಕ್ರೀಮಿಗೂ ಅವು ಒಗ್ಗುತ್ತವೆ.

ಈಗ ನನಗೆ ಪ್ರಿಯವಾದ ವಿಷಯಕ್ಕೆ ಬರುತ್ತೇನೆ, ನಮ್ಮ ಹಿತ್ತಲಿನ ಬಣ್ಣಗಳಿಗೆ. ಬೆಣ್ಣೆ ಮನಸಾರೆ ಒಪ್ಪಿಕೊಳ್ಳುವ ಬಣ್ಣವೊಂದಿದೆ, ಅರಿಸಿನ. ಅರಿಸಿನದ ಹಳದಿ ಕೊಬ್ಬಿನಲ್ಲಿ ಕರಗುವಂಥದ್ದು. ಒಗ್ಗರಣೆಯ ಎಣ್ಣೆಗೆ ಅರಿಸಿನ ಬಿದ್ದಾಗ ನೋಡಿದ್ದೇವಲ್ಲ. ಒಂದು ಚಮಚ ಬೆಣ್ಣೆಯನ್ನು ಬೆಚ್ಚಗೆ ಮಾಡಿ, ಚಿಟಿಕೆ ಅರಿಸಿನ ಹಾಕಿ, ತೆಳುಬಟ್ಟೆಯಲ್ಲಿ ಸೋಸಿ ಐಸಿಂಗಿಗೆ ಸೇರಿಸಿದರೆ ಸೇವಂತಿಗೆಯ ಹಳದಿ ಬರುತ್ತದೆ, ಚಿಟಿಕೆಯಷ್ಟಾದರೆ ವಾಸನೆಯೂ ಕಾಡುವುದಿಲ್ಲ. ಬಿಸಿಲಿಗೆ ಮಾತ್ರ ಇಡಬೇಡಿ, ಬೆಳಕಿಗೆ ಅದು ಬೇಗ ಮಾಸುತ್ತದೆ. ಕೇಸರಿಯ ಬಣ್ಣ ನೀರಿನದು. ಅದನ್ನು ಬೆಚ್ಚಗಿನ ಹಾಲಿನಲ್ಲಿ ನೆನೆಸಿ, ಆ ಹಾಲನ್ನೇ ಐಸಿಂಗಿನ ಎರಡು ಚಮಚವಾಗಿ ಬಳಸಬೇಕು.

ಬೀಟ್‌ರೂಟಿನ ರಸವನ್ನು ಹಾಗೇ ಸುರಿದರೆ ಐಸಿಂಗ್ ನೀರಾಗುತ್ತದೆ. ತೆಳುಬಿಲ್ಲೆಗಳಾಗಿ ಹೆಚ್ಚಿ ಒಣಗಿಸಿ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಕೊಳ್ಳಿ. ನೆರಳಿನಲ್ಲೋ, ಕಡಿಮೆ ಶಾಖದಲ್ಲೋ ಒಣಗಿಸಿ, ಹೆಚ್ಚು ಬಿಸಿಗೆ ಆ ಬಣ್ಣ ಕೆಡುತ್ತದೆ. ಪುಡಿಯಿಂದ ಗಾಢ ರಾಣಿ ಬಣ್ಣ ಸಿಗುತ್ತದೆ. ಅಗ್ನಿಶಾಮಕ ವಾಹನದ ಕೆಂಪು ಅದರಿಂದ ಬರುವುದಿಲ್ಲ, ಬರುತ್ತದೆಂದು ಹೇಳುವವರನ್ನು ನಂಬಬೇಡಿ. ಕರಾವಳಿಯವರ ಬೇಲಿಯಲ್ಲಿ ಬಸಳೆ ಹಬ್ಬಿರುತ್ತದೆ. ಅದರ ಕಪ್ಪುನೇರಳೆ ಹಣ್ಣುಗಳನ್ನು ಹಿಂಡಿದರೆ ಬರುವ ರಸದಿಂದ ಮಕ್ಕಳು ಶಾಯಿ ಮಾಡಿ ಆಡುವುದುಂಟು. ಬೀಟ್‌ರೂಟಿನ ಬಣ್ಣದ ಬಳಗವೇ ಅದು. ಬೀಜ ಸೋಸಿ, ಸಕ್ಕರೆಯೊಂದಿಗೆ ಸಣ್ಣ ಉರಿಯಲ್ಲಿ ಸ್ವಲ್ಪವೇ ಇಂಗಿಸಿದರೆ ಬೆಲೆಬಾಳುವ ನೇರಳೆಗೆಂಪು. ಪುನರ್ಪುಳಿಯ ಕೆಂಪು ಬೇರೆ ಜಾತಿಯದು, ಹುಳಿ ಇರುವವರೆಗೆ ಮಾತ್ರ ಕೆಂಪು. ಮೊಟ್ಟೆಯ ಬಿಳಿ ಕ್ಷಾರಗುಣದ್ದು, ಅದರೊಳಗೆ ಪುನರ್ಪುಳಿಯ ರಸ ಬಿದ್ದರೆ ಕೆಂಪು ನೀಲಿಯತ್ತ ತಿರುಗುತ್ತದೆ. ನಾಲ್ಕು ಹನಿ ನಿಂಬೆರಸ ಬಿಟ್ಟರೆ ಹಿಂದಿರುಗುತ್ತದೆ. ಶಂಖಪುಷ್ಪದ ನೀಲಿಯೂ ನಿಂಬೆಗೆ ನೇರಳೆಯಾಗುತ್ತದೆ. ಒಂದೇ ಹೂವಿನಿಂದ ಎರಡು ಬಣ್ಣ ಬೇಕಾದವರು ಇದನ್ನು ಬೇಕೆಂದೇ ಮಾಡಬಹುದು, ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿದರೆ ಇನ್ನೂ ಚೆನ್ನ.

ಇಷ್ಟೆಲ್ಲ ಕಡಿಮೆ ಬಣ್ಣ, ಕಡಿಮೆ ಬಣ್ಣ ಎಂದು ನಾನು ಹೇಳುತ್ತಿರುವುದಕ್ಕೆ ದುಡ್ಡು, ರುಚಿಗಳಷ್ಟೇ ಕಾರಣವಲ್ಲ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣ ಹಾಕುವುದನ್ನೂ ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳಿಂದ ತಂದ 235 ಕೇಕ್ ಮಾದರಿಗಳ ಪರೀಕ್ಷೆಯ ಫಲ ತಿಳಿಸಿತು. 12 ಮಾದರಿಗಳಲ್ಲಿ ಕೃತಕ ಬಣ್ಣ ಮಿತಿ ಮೀರಿತ್ತು. ಇಲಾಖೆ ಹೆಸರಿಸಿ ಎಚ್ಚರಿಸಿದ್ದು ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ನಂಥ ಕೇಕುಗಳನ್ನು. ಉಳಿದ 223 ಸರಿಯಾಗಿದ್ದವು ಎಂಬುದನ್ನೂ ಹೇಳಬೇಕು. ಕೇಕ್ ಎಂದರೆ ಹೆದರಬೇಕಾಗಿಲ್ಲ. ಆದರೆ ಇಲಾಖೆ ಎಚ್ಚರಿಸಿದ್ದು ಎಲ್ಲಿ ನೋಡಿ: ಕಡುಬಣ್ಣದ ಆಸೆ ಎಲ್ಲಿದೆಯೋ ಅಲ್ಲಿ.

ನಮ್ಮ ದೇಶದ 2011ರ ಆಹಾರ ನಿಯಮಗಳು ಎಂಟು ಕೃತಕ ಬಣ್ಣಗಳನ್ನು ಪಟ್ಟಿ ಮಾಡಿವೆ. ಕೆಂಪಿಗೆ ಪೋನ್ಸೋ 4ಆರ್, ಕಾರ್ಮೋಸಿನ್, ಎರಿತ್ರೋಸಿನ್. ಹಳದಿಗೆ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ. ನೀಲಿಗೆ ಇಂಡಿಗೋ ಕಾರ್ಮಿನ್, ಬ್ರಿಲಿಯಂಟ್ ಬ್ಲೂ. ಹಸಿರಿಗೆ ಫಾಸ್ಟ್ ಗ್ರೀನ್. ಸಾಮಾನ್ಯ ಮಿತಿ, ಒಂದು ಕಿಲೋ ತಿನಿಸಿಗೆ 100 ಮಿಲಿಗ್ರಾಂ. ಶುದ್ಧ ಬಣ್ಣದ ಲೆಕ್ಕ ಅದು. ಒಂದು ಗ್ರಾಮಿನ ಹತ್ತನೇ ಒಂದು ಭಾಗ ಎಂದರೆ ಉಗುರಿನ ತುದಿಯಲ್ಲಿ ನಿಲ್ಲುವಷ್ಟು. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಕೆಲವು ಕೃತಕ ಬಣ್ಣಗಳು ಬೆರೆತ ಪಾನೀಯ ಕುಡಿದ ಮಕ್ಕಳಲ್ಲಿ ಚಡಪಡಿಕೆ ಹೆಚ್ಚುವುದನ್ನು ವರದಿ ಮಾಡಿದರು. ಅದಾದ ಮೇಲೆ 2010ರ ಜುಲೈನಿಂದ ಯುರೋಪಿನಲ್ಲಿ ಆರು ಬಣ್ಣಗಳಿರುವ ತಿನಿಸಿನ ಮೇಲೆ ಮಕ್ಕಳ ಗಮನ, ಚಟುವಟಿಕೆಯ ಮೇಲೆ ಪರಿಣಾಮವಾಗಬಹುದು ಎಂಬ ಎಚ್ಚರಿಕೆ ಮುದ್ರಿಸಬೇಕಾಯಿತು. ಆ ಆರರಲ್ಲಿ ನಾಲ್ಕು ನಮ್ಮ ಎಂಟರ ಪಟ್ಟಿಯಲ್ಲಿವೆ. ಎರಿತ್ರೋಸಿನ್‌ಗೆ ಆಹಾರದಲ್ಲಿ ಕೊಟ್ಟಿದ್ದ ಅನುಮತಿಯನ್ನು ಅಮೆರಿಕ 2025ರ ಜನವರಿಯಲ್ಲಿ ಹಿಂತೆಗೆದುಕೊಂಡಿತು. ವರ್ಷಕ್ಕೊಮ್ಮೆ ತಿನ್ನುವ ಒಂದು ತುಂಡು ಕೇಕಿನಿಂದ ಮಗುವಿಗೆ ಏನೋ ಆಗಿಬಿಡುತ್ತದೆಂದು ನಾನು ಹೇಳುತ್ತಿಲ್ಲ. ಮಗು ಅದೇ ದಿನ ಬಣ್ಣದ ಪೆಪ್ಪರ್‌ಮಿಂಟು, ಬಣ್ಣದ ಶರಬತ್ತುಗಳನ್ನೂ ತಿಂದು ಕುಡಿದಿರುತ್ತದೆ. ನಮ್ಮ ಕೈಯಲ್ಲಿರುವುದು ನಮ್ಮ ಬಟ್ಟಲಿನ ಬಣ್ಣ.

ಹೊಳೆಯುವ ಪುಡಿಗಳ ಬಗ್ಗೆ ಇನ್ನೂ ಕಟುವಾಗಿ ಹೇಳಬೇಕು. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 2018ರಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳು ಹೊಟ್ಟೆ ಕೆಟ್ಟು ವಾಂತಿ ಮಾಡಿಕೊಂಡರು. ಕೇಕಿನ ಮೇಲೆ ಚಿನ್ನದ ಹೊಳಪಿಗೆ ಸವರಿದ್ದ ಪುಡಿ ತಾಮ್ರದ್ದಾಗಿತ್ತು. ಡಬ್ಬಿಯ ಮೇಲೆ ವಿಷವಲ್ಲ ಎಂದು ಬರೆದಿದ್ದರೆ ಅದು ತಿನ್ನುವ ವಸ್ತು ಎಂದು ಅರ್ಥವಲ್ಲ. ತಿನ್ನಲು ಯೋಗ್ಯ ಎಂದು ಸ್ಪಷ್ಟವಾಗಿ ಬರೆದಿರಬೇಕು, ಅದರಲ್ಲಿ ಏನೇನಿದೆ ಎಂಬ ಪಟ್ಟಿ ಇರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಪುಡಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕೇಕ್ ಸಿದ್ಧವಾದ ಮೇಲೂ ಬಣ್ಣಕ್ಕೆ ಶತ್ರುಗಳಿವೆ. ಮಂಗಳೂರು, ಉಡುಪಿ, ಕಾರವಾರದಂಥ ಸೆಕೆಯ ಊರುಗಳಲ್ಲಿ ಫ್ರಿಜ್‌ನಿಂದ ಹೊರತೆಗೆದ ಕೇಕಿನ ಮೇಲೆ ನೀರು ಬೆವರುತ್ತದೆ, ಆ ನೀರಿಗೆ ಕೆಂಪು ಕರಗಿ ಪಕ್ಕದ ಬಿಳಿಗೆ ಇಳಿಯುತ್ತದೆ. ಕೇಕನ್ನು ಡಬ್ಬಿಯಲ್ಲಿ ಮುಚ್ಚಿಯೇ ಹೊರತೆಗೆದು, ಡಬ್ಬಿಯೊಳಗೇ ಕೋಣೆಯ ಶಾಖಕ್ಕೆ ಬರಲು ಬಿಟ್ಟರೆ ಬೆವರು ಡಬ್ಬಿಯ ಮೇಲೆ ಕೂರುತ್ತದೆ, ಕೇಕಿನ ಮೇಲಲ್ಲ. ಕಡುಬಣ್ಣದ ಅಕ್ಷರಗಳನ್ನು ಆದಷ್ಟು ಕೊನೆಗೆ ಬರೆಯಿರಿ. ನೇರಳೆ ಐಸಿಂಗ್ ಕಿಟಕಿಯ ಬೆಳಕಿನಲ್ಲಿ ಕೂತರೆ ಅದರೊಳಗಿನ ಗುಲಾಬಿ ಮೊದಲು ಮಾಸಿ ನೀಲಿ ಮಾತ್ರ ಉಳಿಯುತ್ತದೆ. ಕತ್ತಲಲ್ಲಿಡಿ.

ಇನ್ನೊಂದು ಸಲಹೆ, ಇದು ನನ್ನ ಅಭಿಪ್ರಾಯ. ಇಡೀ ಕೇಕಿಗೆ ಕಡುಗೆಂಪು ಬಳಿಯಬೇಡಿ. ತಿಳಿಬಣ್ಣದ ಮೈ ಇರಲಿ. ಕೆಂಪು ಒಂದು ಗುಲಾಬಿ ಹೂವಿನಲ್ಲಿ, ಮಗುವಿನ ಹೆಸರಿನಲ್ಲಿ, ಕಾರಿನ ಬಾನೆಟ್ಟಿನಲ್ಲಿ ಇರಲಿ. ಬಿಳಿಯ ಪಕ್ಕದಲ್ಲಿರುವ ಅಂಗೈಯಗಲದ ಕೆಂಪು, ಇಡೀ ಕೇಕಿನ ಕೆಂಪಿಗಿಂತ ಹೆಚ್ಚು ಕೆಂಪಾಗಿ ಕಾಣುತ್ತದೆ. ಅಷ್ಟು ಜಾಗಕ್ಕೆ ನೂರು ಗ್ರಾಂ ಐಸಿಂಗಿಗೆ ಬಣ್ಣ ಕೊಟ್ಟರೆ ಧಾರಾಳವಾಯಿತು.

ಆದ್ದರಿಂದ ಕೇಳುಗರಲ್ಲಿ, ಮುಖ್ಯವಾಗಿ ಮನೆಯಿಂದಲೇ ಕೇಕ್ ಮಾಡಿ ಮಾರುವ ಅಕ್ಕತಂಗಿಯರಲ್ಲಿ ನನ್ನ ವಿನಂತಿ. ಮುಂದಿನ ಸಲ ಕೆಂಪು ಕೇಕಿನ ಆರ್ಡರ್ ಬಂದಾಗ ಒಂದು ದಿನ ಹೆಚ್ಚು ಕೇಳಿ ತೆಗೆದುಕೊಳ್ಳಿ. ಬಣ್ಣ ಕೊಳ್ಳುವಾಗ ಶೀಷೆಯ ಹಿಂಬದಿ ಓದಿ, ಲೈಸೆನ್ಸ್ ಸಂಖ್ಯೆ ಇಲ್ಲದ್ದನ್ನು ಹಿಂದಿರುಗಿಸಿ. ಯಾವ ಬಣ್ಣ ಹಾಕಿದ್ದೀರಿ ಎಂದು ಮಗುವಿನ ತಾಯಿ ಕೇಳಿದರೆ ಹೆಸರು ಹೇಳುವಂತಿರಿ.